ಐದನೇ ಬೆಂಚಿನ ಮತ

ತುರ್ತುಪರಿಸ್ಥಿತಿಯಿಂದಾಗಿ ನಮ್ಮ ದೇಶದಲ್ಲಿ ಚುನಾವಣೆಯೇ ಮುಂದಕ್ಕೆ ಹೋಗಿದ್ದ ಕಾಲ ಅದು. ನಾನು ಹೊಸನಗರದಲ್ಲಿ ಏಳನೇ ಕ್ಲಾಸು. ರೇಡಿಯೊದಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆಯ ಸುದ್ದಿ ಕೇಳಿ ಹುರುಪಾಗಿದ್ದ ಸಮಾಜದ ಮೇಷ್ಟ್ರು, "ಈ ಸಲ ಕ್ಲಾಸ್ ಲೀಡರನ್ನ ಅಲ್ಲಿಯವರ ಹಾಗೇ ಆರಿಸೋಣ" ಎಂದರು. ಅಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಊರೂರಿನ ಪ್ರತಿನಿಧಿಗಳು ದೊಡ್ಡ ಸಭೆಯಲ್ಲಿ ಎದ್ದುನಿಂತು ಹೆಸರು ಕೂಗುತ್ತಾರಂತೆ. ಹಿಂದೆ ಹತ್ತಾರು ಸುತ್ತು ಕೂಗಿ, ಯಾರೂ ನೆನೆಸದವರು ಅಭ್ಯರ್ಥಿಯಾದದ್ದೂ ಉಂಟಂತೆ.

ಗಂಡುಹುಡುಗರದೊಂದು ಪಕ್ಷ, ನಮ್ಮದೊಂದು. ನಮ್ಮಲ್ಲಿ ಐದು ಬೆಂಚು, ಬೆಂಚಿಗೊಬ್ಬಳು ಪ್ರತಿನಿಧಿ. ನಿಂತವರು ಇಬ್ಬರು: ಡಾಕ್ಟರ ಮಗಳು ನಳಿನಿ, ನನ್ನ ಜೀವದ ಗೆಳತಿ ಸರೋಜ. ಕೊನೆಯ ಬೆಂಚಿಗೆ ನಾನೇ ಪ್ರತಿನಿಧಿ. ಸರೋಜನ ಹೆಸರೇ ಕೂಗುವುದೆಂದು ಬೆಂಚಿನಲ್ಲಿ ಮೊದಲೇ ತೀರ್ಮಾನವಾಗಿತ್ತು.

ಮಧ್ಯಾಹ್ನ, ಹುಣಸೆಹಣ್ಣಿಗೆ ಬೆಲ್ಲ, ಉಪ್ಪು, ಮೆಣಸು ಹಾಕಿ ಕುಟ್ಟಿದ ಉಂಡೆ ಚೀಪುತ್ತಾ ಸರೋಜ ಅಂದಳು, "ನಾ ಲೀಡರ್ ಆದ್ಮೇಲೆ ದಿನಾ ಬೋರ್ಡ್ ಒರೆಸೋ ಕೆಲ್ಸ ನಿಂಗೇ ಮಾರಾಯ್ತಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಚೀಪುತ್ತಿದ್ದ ಉಂಡೆಯನ್ನು ಮಾತ್ರ ಬೇಲಿಯಾಚೆ ಎಸೆದೆ.

ಸಭೆ ಶುರುವಾಯಿತು. ನಾಲ್ಕು ಬೆಂಚು ಮುಗಿದಾಗ ಇಬ್ಬರಿಗೂ ಎರಡೆರಡು ಮತ. ನಾನು ಎದ್ದೆ. ಸರೋಜ ಆಗಲೇ ಜಡೆ ಸರಿಮಾಡಿಕೊಳ್ಳುತ್ತಿದ್ದಳು.

"ನಳಿನಿ" ಅಂದೆ.

ನನ್ನ ದನಿ ಕೇಳಿ ನಾನೇ ಬೆಚ್ಚಿಬಿದ್ದೆ.

"ಸಾರ್, ನಮ್ ಬೆಂಚು ಹೇಳಿದ್ದು ಸರೋಜನ್ನ!" ಪಕ್ಕದ ಗಿರಿಜೆ ಕಿರುಚಿದಳು.

ಮೇಷ್ಟ್ರು ಗದರಿಸಿ ತಪ್ಪು ತಿದ್ದಲಿ ಎಂದು ಕಾದೆ. ಅವರು ನಕ್ಕುಬಿಟ್ಟರು. "ಪ್ರತಿನಿಧಿ ಕೂಗಿದ್ದೇ ಲೆಕ್ಕ. ಅಮೆರಿಕದಲ್ಲೂ ಹೀಗೆ ಕೊನೇ ಗಳಿಗೇಲಿ ತಿರುಗಿದೋರು ಇದ್ದಾರೆ."

ಬೋರ್ಡಿನ ಮೇಲೆ ನಳಿನಿಯ ಹೆಸರು ಬಂತು. ಸರೋಜ ತಿರುಗಿ ನೋಡಿದಳು. "ನೀನಾ?" ಅಷ್ಟೇ.

ನಳಿನಿ ಹುಡುಗರ ಅಭ್ಯರ್ಥಿಯೆದುರು ಸೋತಳು. ಸರೋಜ ಜಗಳವೇನೂ ಆಡಲಿಲ್ಲ. ಕರೆದರೆ ಕುಂಟಬಿಲ್ಲೆಗೂ ಬರುತ್ತಿದ್ದಳು. ಗುಟ್ಟು ಮಾತ್ರ ಮತ್ತೆಂದೂ ಹೇಳಲಿಲ್ಲ. ಮರುವರ್ಷ ಅವರಪ್ಪನಿಗೆ ತೀರ್ಥಹಳ್ಳಿಗೆ ವರ್ಗವಾಯಿತು.

ಮೊನ್ನೆ ಸಾಗರದ ಮದುವೆಮನೆಯೊಂದರಲ್ಲಿ ಸಿಕ್ಕಳು. ಅವಳೂರಿನ ಮಹಿಳಾ ಸಂಘ ಕಟ್ಟಿದ್ದೇ ಅವಳೆಂದು ಯಾರೋ ಹೊಗಳಿದರು.

"ಹಂಗಾದ್ರೆ ಅಧ್ಯಕ್ಷೆ ನೀನೇಯಾ?" ಎಂದೆ.

"ಇಲ್ಲ ಕಣೇ. ಎಲ್ರೂ ನಿಲ್ಲು ಅಂದ್ರು. ನಾ ಯಾವ್ದಕ್ಕೂ ನಿಲ್ಲಲ್ಲ. ಕೈ ಎತ್ತೋರ ಮುಖ ನೋಡೋಕೆ ಇವತ್ತಿಗೂ ಹೆದ್ರಿಕೆ." ನಗುತ್ತಲೇ ಅಂದಳು.

ಬಾಯಿಗೆ ಹಾಕಬೇಕಿದ್ದ ಎಲೆಅಡಿಕೆ ಕೈಯಲ್ಲೇ ಉಳಿಯಿತು. ಗೆಳತಿಯನ್ನು ಕಳೆದುಕೊಂಡೆನೆಂದು ಇಷ್ಟು ವರ್ಷ ಕೊರಗಿದವಳು ನಾನು. ಅವಳದೇನು ಹೋಯಿತೆಂದು ಒಮ್ಮೆಯೂ ಯೋಚಿಸಿರಲಿಲ್ಲ.