ಕುರಿಹಟ್ಟಿಯ ಉಣ್ಣಿ

ಮೇ ತಿಂಗಳ ರಜೆಯಲ್ಲಿ ಎರಡು ದಿನ ಇದ್ದು ಬರೋಣವೆಂದು ಸೇಲಂನಿಂದ ಪಾಲಕೋಡ್ ಹತ್ತಿರದ ಚಿಕ್ಕವ್ವನ ಊರಿಗೆ ಹೋಗಿದ್ದೆ. ಮಾರನೆಯ ಬೆಳಿಗ್ಗೆ ಅವಳು ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೊರಟಾಗ ನಾನೂ ಹೊರಟೆ.

“ಕಾಲ್ ಮುಚ್ಚೋ ಅಂಗೆ ಏನಾರ ಆಕ್ಕೊ. ಉಲ್ಲಲ್ಲಿ ಉಣ್ಣಿ ಐತೆ, ಅತ್ಕೊಂಡು ರಕ್ತ ಈರ್ತೈತೆ,” ಎಂದಳು.

ಆ ಸೆಖೆಗೆ ಬೇಡವೆನಿಸಿತು. ಮೊಣಕಾಲಿನವರೆಗಿನ ತೆಳು ಪ್ಯಾಂಟಿನಲ್ಲೇ ಹೋಗಿ ಮರದಡಿಯ ಒಣಹುಲ್ಲಿನ ಮೇಲೆ ಕೂತೆ.

ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ಕಾಲಿನ ತುಂಬ ಕೆಂಪು ಗಂಧೆ. ಕೂತರೆ ತುರಿಕೆ, ನಿಂತರೆ ತುರಿಕೆ. ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಾ ಕೆರೆದೆ. ಮೀನಖಂಡದ ಮೇಲೆ ಒಂದು ಉಣ್ಣಿ ಇನ್ನೂ ಕಚ್ಚಿಕೊಂಡೇ ಇತ್ತು. ಪಕ್ಕದ ಮನೆಯಾಕೆ ಬೆಂಕಿಕಡ್ಡಿ ಗೀರಲು ಬಂದಳು. ಚಿಕ್ಕವ್ವ ಅವಳ ಕೈ ತಡೆದಳು.

“ಸುಡಬ್ಯಾಡ ಕಣವ್ವ, ತಲೆ ಒಳಗೇ ಉಳ್ಕಂತದೆ.”

ಮುಳ್ಳು ತೆಗೆಯುವ ಚಿಮಟದಿಂದ ಅದನ್ನು ಚರ್ಮದ ಹತ್ತಿರವೇ ಹಿಡಿದು, ತಿರುಚದೆ ನೆಟ್ಟಗೆ ಎಳೆದಳು. ಸೋಪಿನಿಂದ ತೊಳೆದು, ಮಡಕೆ ನೀರಲ್ಲಿ ಅದ್ದಿದ ಬಟ್ಟೆ ಸುತ್ತಿದಳು. ನಾನು ಮತ್ತೆ ಕೆರೆಯಲು ಹೋದಾಗ ನನ್ನ ಎರಡೂ ಕೈ ಹಿಡಿದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಆಗ ಅವಳ ಸೀರೆ ಸರಿಯಿತು. ಮೊಣಕಾಲಿನ ಕೆಳಗೆ ಗಾಯ. ಸುತ್ತಲೂ ಅಂಗೈಯಗಲ ಕೆಂಪು. ಮುಟ್ಟಿದರೆ ಬಿಸಿ.

“ಇದೇನು ಚಿಕ್ಕವ್ವ?”

“ಅದೇ ಉಣ್ಣಿ. ಕೆರ್ದು ಕೆರ್ದು ಅಂಗಾಯ್ತು. ಓಗ್ತದೆ ಬಿಡು.”

“ಜ್ವರ ಬಂದಿತ್ತಾ?”

ಅವಳು ಸೀರೆ ಎಳೆದು ಗಾಯ ಮುಚ್ಚಿಕೊಂಡಳು. ಹಣೆ ಮುಟ್ಟಿ ನೋಡಿದೆ, ಸುಡುತ್ತಿತ್ತು.

“ಒಂದ್ ಉಣ್ಣಿಗಾ ಆಸ್ಪತ್ರೆ? ನಗ್ತಾರೆ ಜನ,” ಎನ್ನುತ್ತಲೇ ಇದ್ದಳು. ಕುರಿಗಳನ್ನು ಪಕ್ಕದ ಮನೆಯಾಕೆಗೆ ಒಪ್ಪಿಸಿ ಬಲವಂತದಿಂದ ಬಸ್ಸು ಹತ್ತಿಸಿದೆ.

ಡಾಕ್ಟರಮ್ಮ ಕಾಲು ನೋಡಿದ್ದೇ, “ಏಮ್ಮಾ, ಇವ್ವಳವು ನಾಳ್ ವಿಟ್ಟೀಂಗ?” ಎಂದರು. ಇಷ್ಟು ದಿನ ಬಿಟ್ಟಿದ್ದೇಕೆ ಎಂದು ತಮಿಳಿನಲ್ಲಿ ಗದರಿಕೆ. ಕೆರೆದ ಗಾಯಕ್ಕೆ ನಂಜು ಸೇರಿದೆ ಎಂದು ಮಾತ್ರೆ ಬರೆದುಕೊಟ್ಟರು. ಕೆಂಪಿನ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು, ಅದನ್ನು ದಾಟಿದರೆ, ಇಲ್ಲವೇ ಜ್ವರ ಇಳಿಯದಿದ್ದರೆ ಕೂಡಲೇ ಬನ್ನಿ ಎಂದರು. ನನಗೆ ಹಚ್ಚಲು ಲೋಷನ್ ಕೊಟ್ಟು, ಉಗುರು ಕತ್ತರಿಸಿಕೋ ಎಂದರು.

ನಾನು ಸೇಲಂಗೆ ಹೊರಡಲಿಲ್ಲ. ಗಂಟೆಗೊಮ್ಮೆ ಅವಳ ಸೀರೆ ಸರಿಸಿ ಗೆರೆ ನೋಡುತ್ತಿದ್ದೆ. ಒಮ್ಮೆ ದಾಟಿದಂತೆ ಕಂಡಿತು. ಬೆಳಕಿಗೆ ತಂದು ನೋಡಿದರೆ ದಾಟಿರಲಿಲ್ಲ. ನೀರು ಕಾಯಿಸಲು ಒಳಗೆ ಹೋದೆ, ಮರೆತು ಹೊರಗೆ ಬಂದೆ, ಮತ್ತೆ ಹೋದೆ.

“ನೀ ಸುತ್ತಾದ್ ನೋಡಿ ನಂಗೇ ತಲೆ ಸುತ್ತುತೈತೆ. ಕೂತ್ಕೊಳೇ,” ಎಂದು ಬೈದಳು.

ಮೂರನೆಯ ದಿನ ಕೆಂಪು ಗೆರೆಯಿಂದ ಒಳಗೆ ಸರಿದಿತ್ತು, ಜ್ವರವೂ ಇಳಿದಿತ್ತು. ಅವಳು ಎದ್ದು ಕೂತು ಕುರಿಗಳ ಬಗ್ಗೆ ಕೇಳಿದಳು. ಇನ್ನೆರಡು ದಿನ ನಾನೇ ಮೇಯಿಸುತ್ತೇನೆಂದೆ. ತೀರಿಹೋದ ಚಿಕ್ಕಪ್ಪನ ತುಂಬುತೋಳಿನ ಅಂಗಿ ತೊಟ್ಟೆ, ಉದ್ದ ಪ್ಯಾಂಟು ಹಾಕಿ ಅದರ ತುದಿಯನ್ನು ಕಾಲ್ಚೀಲದೊಳಗೆ ತುರುಕಿದೆ.

ಬಾಗಿಲಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ ಚಿಕ್ಕವ್ವ ಮೊದಲ ಸಲ ಜೋರಾಗಿ ನಕ್ಕಳು.