ಏಣಿ ಮೇಲೆ ಒಬ್ಬರೇ

ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಸೋದರಮಾವ, ಮುಚ್ಚಿಹೋದ ನೂಲಿನ ಗಿರಣಿಯ ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಕೂತು, ತೀರಿಕೊಂಡು ಆರು ತಿಂಗಳಾಗಿದ್ದ ನನ್ನ ಅಪ್ಪ ಏಣಿ ಹತ್ತಿ ಮೇಲೆ ಬರಲಿ ಎಂದು ಕಾಯುತ್ತಿದ್ದ. ಗಂಟೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಅಮ್ಮ ಅವನಿಗೆ ಫೋನ್ ಮಾಡಿದ್ದು ಆಗಲೇ.

"ಎಲ್ಲಿದ್ದೀಯೋ?"

"ಟ್ಯಾಂಕ್ ಮೇಲೆ."

"ಗೊತ್ತು ಬಿಡು. ಹತ್ತೋಕೆ ಹೋಗೋ ದಿನದ ಹಾಗೆ ವಾಚು ಬಿಚ್ಚಿ ಅಡುಗೆಮನೆ ಕಿಟಕೀಲಿ ಇಟ್ಟಾಗ್ಲೇ ಗೊತ್ತಾಯ್ತು. ಇಳಿದು ಬಾ, ಕತ್ತಲಾಗುತ್ತೆ."

"ಇಳಿಯೋಕಾಗಲ್ಲ ಅಕ್ಕ. ಏಣಿ ಮೇಲೆ ಯಾರೋ ಇದ್ದಾರೆ."

ಮಾಮನ ಕಸುಬು ಗಾಜು ಕೂರಿಸುವುದು. ಎತ್ತರದ ಕಟ್ಟಡಗಳ ಹೊರಗೋಡೆಗೆ ಹಗ್ಗದಲ್ಲಿ ಇಳಿಬಿಟ್ಟ ಹಲಗೆಯ ಮೇಲೆ ನಿಂತು, ಒಡೆದ ಗಾಜು ಕಿತ್ತು, ಹೊಸದನ್ನು ಕೂರಿಸಿ, ಅಂಚಿಗೆ ಅಂಟು ತುಂಬಿ ಹೆಬ್ಬೆರಳಿನಲ್ಲಿ ಒಂದೇ ಎಳೆತಕ್ಕೆ ಎಳೆಯುತ್ತಾನೆ. ಎಳೆದೂ ಎಳೆದೂ ಬೆರಳಿನ ಗೆರೆಗಳೇ ಸವೆದಿವೆ. ಅವನ ಹೆಬ್ಬೆರಳನ್ನು ಅವನ ಫೋನೇ ಗುರುತಿಸುವುದಿಲ್ಲ. ವಾರವೆಲ್ಲ ಎತ್ತರದಲ್ಲಿ ಇದ್ದವನು ಭಾನುವಾರವಾದರೂ ನೆಲದ ಮೇಲೆ ಇರಬಾರದೇ? ಇರುತ್ತಿರಲಿಲ್ಲ. ಅವನೂ ಅಪ್ಪನೂ ಸೇರಿ ಯಾರಿಗೂ ಬೇಡವಾದ ಕಟ್ಟಡಗಳನ್ನು ಹತ್ತುತ್ತಿದ್ದರು. ಬೀಗ ಬಿದ್ದ ಚಿತ್ರಮಂದಿರದ ಛಾವಣಿ, ಅರ್ಧಕ್ಕೆ ನಿಂತ ಬಹುಮಹಡಿ, ಗಿರಣಿಯ ಚಿಮಣಿ. ಅಲ್ಲಿಂದ ಏನನ್ನೂ ತರುತ್ತಿರಲಿಲ್ಲ, ಅಲ್ಲಿ ಏನನ್ನೂ ಬಿಟ್ಟು ಬರುತ್ತಿರಲಿಲ್ಲ. ತುದಿಯಲ್ಲಿ ಸ್ವಲ್ಪ ಹೊತ್ತು ಕೂತು ಊರು ನೋಡಿ ಇಳಿಯುವುದು, ಅಷ್ಟೆ.

"ಅಲ್ಲಿಂದ ನಮ್ಮನೆ ಕಾಣುತ್ತಾ?" ಎಂದು ಅಮ್ಮ ಒಮ್ಮೆ ಕೇಳಿದ್ದಳು.

"ಕಾಣುತ್ತೆ. ನೀನು ಬಟ್ಟೆ ಒಣಗಿಸೋದು ಬಿಟ್ಟು ಪಕ್ಕದ್ಮನೆಯವಳ ಜೊತೆ ಹರಟೋದೂ ಕಾಣುತ್ತೆ" ಎಂದಿದ್ದರು ಅಪ್ಪ. ಮದುವೆಯಾಗದ ಮಾಮ ನಮ್ಮ ಹಿಂದಿನ ಕೋಣೆಯಲ್ಲೇ ಇದ್ದ. ಅವನ ಬಗ್ಗೆ ಅಪ್ಪ ಹೇಳುತ್ತಿದ್ದರು: "ಇವನಿಗೆಲ್ಲಿ ಮದುವೆ? ಹೆಣ್ಣು ನೋಡೋಕೆ ಹೋದ್ರೂ ಮೊದಲು ಛಾವಣಿ ನೋಡ್ತಾನೆ."

ಅಪ್ಪ ವೆಲ್ಡರ್. ಕಬ್ಬಿಣದ ವಿಷಯದಲ್ಲಿ ಕಣ್ಣಿಗಿಂತ ಕಿವಿಯನ್ನು ನಂಬುವವರು. ಪ್ರತಿ ಮೆಟ್ಟಿಲಿಗೂ ಬೀಗದ ಕೈಯಿಂದ ತಟ್ಟಿ, ಗಟ್ಟಿಯಿದ್ದರೆ ಗಂಟೆಯ ದನಿ, ತುಕ್ಕು ತಿಂದಿದ್ದರೆ ಒಡಕು ಮಡಕೆಯ ದನಿ ಎಂದು ಮಾಮನಿಗೆ ಕಲಿಸಿದ್ದರು. ಹಾಗೆ ತಟ್ಟುತ್ತಾ ತಟ್ಟುತ್ತಾ ಇಬ್ಬರ ನಡುವೆ ಒಂದು ಕಟ್ಟಳೆ ಬೆಳೆಯಿತು. ಎರಡು ಏಟು ಎಂದರೆ ನಾನು ಏಣಿ ಮೇಲಿದ್ದೇನೆ. ಮೂರು ಎಂದರೆ ನಾನು ಏಣಿ ಬಿಟ್ಟೆ, ಖಾಲಿ. ಹಳೆಯ ಬೋಲ್ಟುಗಳು ಇಬ್ಬರ ಭಾರ ತಡೆಯುವುದಿಲ್ಲವಾದ್ದರಿಂದ ಏಣಿ ಮೇಲೆ ಯಾವಾಗಲೂ ಒಬ್ಬರೇ. ಕೂಗಿದ್ದಕ್ಕೆ ಬೆಲೆಯಿಲ್ಲ, ಮಾತನ್ನು ಗಾಳಿ ಅರ್ಧ ತಿನ್ನುತ್ತದೆ. ಕಬ್ಬಿಣ ಹೇಳಿದರೆ ಮಾತ್ರ ಕಾಲಿಡಬೇಕು.

ಈ ಕಟ್ಟಳೆ ಮನೆಗೂ ಬಂದಿತ್ತು. ಬಚ್ಚಲುಮನೆ ಖಾಲಿಯಾದರೆ ಅಮ್ಮ ತಂಬಿಗೆಯಿಂದ ಕೊಳಾಯಿಗೆ ಮೂರು ಏಟು ಹಾಕುತ್ತಿದ್ದಳು.

ಅಷ್ಟೆಲ್ಲ ಹತ್ತಿ ಇಳಿದ ಅಪ್ಪ ಹೋದದ್ದು ವರ್ಕ್‌ಶಾಪಿನಲ್ಲಿ, ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂತಲ್ಲೇ. ಹೃದಯ ನಿಂತಿತ್ತು. ಅಮ್ಮ ಅತ್ತಳು, ಮಾಡಬೇಕಾದ್ದನ್ನೆಲ್ಲ ಮಾಡಿದಳು, ಹೊಲಿಗೆ ಯಂತ್ರಕ್ಕೆ ಮರಳಿದಳು. ಆದರೆ ಅಪ್ಪನ ಚಪ್ಪಲಿ ಬಾಗಿಲಲ್ಲೇ ಉಳಿಯಿತು. ಗುಡಿಸುವಾಗ ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. 'ಅವರು ಇದ್ದಿದ್ದರೆ' ಎಂಬ ಮಾತು ಅವಳ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. 'ಅವರು ಬಂದರೆ ಬೈತಾರೆ' ಎನ್ನುತ್ತಿದ್ದಳು. ಹೇಳಿ, ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗುತ್ತಿದ್ದಳು. ನಾವು ತಿದ್ದಲಿಲ್ಲ.

ಮಾಮ ಹತ್ತುವುದನ್ನೇ ಬಿಟ್ಟಿದ್ದ. ಆ ಭಾನುವಾರ ಏನನ್ನಿಸಿತೋ, ಒಬ್ಬನೇ ಹೋದ. ಟ್ಯಾಂಕಿನ ಕಾಲುಗಳ ನಡುವೆ ನೇರವಾಗಿ ನಿಂತ ನಲವತ್ತು ಮೀಟರ್ ಏಣಿ ಅದು, ಮೇಲಿನ ಭಾಗದಲ್ಲಿ ಕೆಲವು ಮೆಟ್ಟಿಲುಗಳೇ ಇಲ್ಲ. ತುದಿ ಮುಟ್ಟಿದವನು ಅಭ್ಯಾಸಬಲದಿಂದ ಬೀಗದ ಕೈ ತೆಗೆದು ಏಣಿಗೆ ಮೂರು ಸಲ ತಟ್ಟಿದ. ಖಾಲಿ, ಭಾವ, ನೀವು ಬನ್ನಿ.

ಕೆಳಗಿನಿಂದ ಎರಡು ಏಟು ಕೇಳಿಸಿತು.

ಬಿಸಿಲು ಇಳಿದಂತೆ ಕಬ್ಬಿಣ ತಣಿಯುತ್ತದೆ, ತಣಿದಂತೆ ಕುಗ್ಗುತ್ತದೆ, ಕುಗ್ಗುವಾಗ ಬೋಲ್ಟಿನ ಹಿಡಿತದಲ್ಲಿ ತಡೆದು ತಡೆದು ಜಾರಿ ಟಕ್ ಎನ್ನುತ್ತದೆ. ಮೇಲ್ಭಾಗ ಇನ್ನೂ ಬಿಸಿಲಲ್ಲಿರುವುದರಿಂದ ನೆರಳು ಮುಟ್ಟುವ ಬುಡ ಮೊದಲು ತಣಿದು, ಸದ್ದು ಕೆಳಗಿಂದ ಮೇಲಕ್ಕೆ ಏರುತ್ತಾ ಬರುತ್ತದೆ. ಇದು ಮಾಮನಿಗೆ ಗೊತ್ತಿಲ್ಲದ ವಿಷಯವಲ್ಲ; ಅವನೇ ನನಗೆ ಹೇಳಿಕೊಟ್ಟದ್ದು. ಆದರೂ ಆ ಎರಡು ಏಟು ಕೇಳಿದ ಮೇಲೆ ಅವನು ಕಾಲು ಕೆಳಗಿಡಲಿಲ್ಲ. ಏಣಿಯ ಮೇಲೆ ಒಬ್ಬರಿದ್ದಾಗ ಇನ್ನೊಬ್ಬರು ಇಳಿಯಬಾರದು.

ಫೋನಿನಲ್ಲಿ ಅಮ್ಮ ಕೇಳಿದಳು: "ಯಾರೋ ಅಂದ್ರೆ ಯಾರೋ?"

"ಬೈಬೇಡ. ಭಾವನ ಕೈ ಅಕ್ಕ ಅದು. ನನಗೆ ಗೊತ್ತಾಗಲ್ವಾ?"

ಅಮ್ಮ ಬೈಯಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನು, ಈಗ ಅವನಿಗೆ ಚೆನ್ನಾಗಿ ಬೈಗುಳ ಬೀಳುತ್ತದೆ ಅಂದುಕೊಂಡಿದ್ದೆ. ಅವಳು ದನಿ ತಗ್ಗಿಸಿ, "ಎಲ್ಲೀವರೆಗೆ ಬಂದಿದ್ದಾರೆ?" ಎಂದಳು.

ಆ ಪ್ರಶ್ನೆ ತನ್ನ ಬಾಯಿಂದಲೇ ಬಂದದ್ದು ಅವಳಿಗೆ ಆಮೇಲೆ ಕೇಳಿಸಿತೇನೋ. ಫೋನನ್ನು ಹೊಲಿಗೆ ಯಂತ್ರದ ಮೇಲೇ ಇಟ್ಟುಬಿಟ್ಟಳು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಅದನ್ನೇ ಹಿಡಿದು, ನನ್ನನ್ನು ಎಳೆದುಕೊಂಡು ಆಟೋ ಹತ್ತಿದಳು.

ಗಿರಣಿಯ ಕಾವಲುಗಾರ ಕತ್ತರಿ ನೋಡಿ ಗೇಟಿಂದ ಎರಡು ಹೆಜ್ಜೆ ಹಿಂದೆ ಸರಿದ. "ಅಮ್ಮಾ, ಮೊದಲು ಹುಚ್ಚರು ಇಬ್ಬರೇ ಇದ್ರು. ಈಗ ಮನೆಯವರೆಲ್ಲ ಶುರು ಮಾಡಿದ್ರಾ?"

"ನಮ್ಮ ತಮ್ಮನ್ನ ಇಳಿಸ್ಕೊಂಡು ಹೋಗ್ತೀನಿ. ದಾರಿ ಬಿಡಪ್ಪ."

ಟ್ಯಾಂಕಿನ ಕೆಳಗೆ ಆಗಲೇ ಕತ್ತಲು ಕೂಡುತ್ತಿತ್ತು. ನೆತ್ತಿಯ ಅಂಚಿನಲ್ಲಿ ಮಾತ್ರ ಬೆಳಕಿನ ಒಂದು ಗೆರೆ. ಅದು ಹೋದರೆ ಇಲ್ಲದ ಮೆಟ್ಟಿಲುಗಳು ಅವನಿಗೆ ಕಾಣುವುದಿಲ್ಲ.

"ಇಳಿಯೋ! ಏಣಿ ಮೇಲೆ ಯಾರೂ ಇಲ್ಲ!" ಅಮ್ಮ ಕೂಗಿದಳು.

ಮೇಲಿಂದ ಬಂದ ಉತ್ತರ ಗಾಳಿಯಲ್ಲಿ ಹರಿದು ಬಂತು. "...ಕೇಳಿಸ್ತಿಲ್ಲ... ತಟ್ಟಿ ಹೇಳು..."

ಅಮ್ಮ ಏಣಿಗೆ ಕೈ ಇಟ್ಟಳು. ಆಮೇಲೆ ಕಿವಿ ಇಟ್ಟಳು. ಟಕ್. ಟಕ್. ಎರಡು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅಷ್ಟು ಮೃದುವಾದ ಮುಖ ಆರು ತಿಂಗಳಲ್ಲಿ ನೋಡಿರಲಿಲ್ಲ. ಕಣ್ಣು ಮುಚ್ಚಿ, ಕೆನ್ನೆ ಕಬ್ಬಿಣಕ್ಕೆ ಒತ್ತಿ, ಇನ್ನೂ ಸ್ವಲ್ಪ ಹೊತ್ತು ಎಂಬಂತೆ ನಿಂತಿದ್ದಳು.

"ಅಮ್ಮ, ಬೆಳಕು ಹೋಗ್ತಿದೆ" ಎಂದೆ.

"ನನ್ನ ಕೈಯಿಂದಲೇ ಹೇಳಿಸ್ತೀರಾ" ಎಂದು ಗೊಣಗಿದಳು. ಬಹುವಚನ. ಮಾತು ನನಗೂ ಅಲ್ಲ, ಮಾಮನಿಗೂ ಅಲ್ಲ.

ಕತ್ತರಿಯನ್ನು ತಿರುಗಿಸಿ ಹಿಡಿದು ಹಿಡಿಕೆಯಿಂದ ಏಣಿಗೆ ಹೊಡೆದಳು. ಒಂದು. ಎರಡು. ಅಲ್ಲಿಗೆ ಕೈ ನಿಂತಿತು, ನಿಂತೇ ಇತ್ತು. ಮೇಲೆ ಬೆಳಕಿನ ಗೆರೆ ಸಣ್ಣದಾಯಿತು. ಮೂರನೆಯದನ್ನು ಎಷ್ಟು ಜೋರಾಗಿ ಹೊಡೆದಳೆಂದರೆ ಕಾವಲುಗಾರ ಓಡಿ ಬಂದ.

ಏಣಿ ಖಾಲಿ.

ಮಾಮ ಇಳಿದ. ಅರ್ಧ ದಾರಿಯಲ್ಲಿ ಬೆಳಕು ಆರಿತು. ಉಳಿದದ್ದನ್ನು ಪ್ರತಿ ಮೆಟ್ಟಿಲಿಗೂ ಬೀಗದ ಕೈ ತಟ್ಟುತ್ತಾ, ದನಿ ಕೇಳಿಯೇ ಇಳಿದ. ನೆಲ ಮುಟ್ಟಿ ಬೀಗದ ಕೈ ಜೇಬಿಗೆ ಹಾಕಿದ. ಅಮ್ಮ ಅವನ ಬೆನ್ನಿಗೊಂದು ಗುದ್ದಿದಳು, ಆಮೇಲೆ ಅದೇ ಬೆನ್ನನ್ನು ಸವರಿದಳು.

ಏಣಿ ಮತ್ತೆ ಟಕ್ ಎಂದಿತು. ಮೂವರೂ ತಿರುಗಿ ನೋಡಿದೆವು.

"ತಣಿತಾ ಇದೆ ಅಕ್ಕ" ಎಂದ ಮಾಮ. "ಸಂಜೆ ಹೊತ್ತಿಗೆ ಕುಗ್ಗುತ್ತೆ."

"ಇಷ್ಟುದ್ದ ಏಣಿ. ಎಷ್ಟು ಕುಗ್ಗುತ್ತೆ?"

ಮಾಮ ಗೆರೆಯಿಲ್ಲದ ಹೆಬ್ಬೆರಳನ್ನೂ ತೋರುಬೆರಳನ್ನೂ ಎತ್ತಿ, ನಡುವೆ ಒಂದಿಷ್ಟು ಕತ್ತಲು ಬಿಟ್ಟು ಅವಳಿಗೆ ತೋರಿಸಿದ.

"ಹತ್ತು ಮಿಲಿಮೀಟರ್."