ಹಂದಿಗೆ ಬದು ಗೊತ್ತಿಲ್ಲ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೇಶದೇಶಗಳ ಏಳಿಗೆ ಒಂದಕ್ಕೊಂದು ಹೇಗೆ ಹೆಣೆದುಕೊಂಡಿದೆ ಎಂದು ಮಧುಗಿರಿಯ ಕಾಲೇಜಿನಲ್ಲಿ ಮುಕ್ಕಾಲು ಗಂಟೆ ಪಾಠ ಮಾಡಬಲ್ಲ ನನಗೆ, ಒಂದು ಕಡಲೇಕಾಯಿ ಗಿಡವನ್ನು ನೆಟ್ಟಗೆ ಕೀಳಲು ಬರುವುದಿಲ್ಲ.

ಈ ಸಲ ಪುರವರದ ದೊಡ್ಡಮ್ಮನ ಮನೆಗೆ ಹೋದಾಗ ಅವರ ಮಣಿಕಟ್ಟು ಉಳುಕಿತ್ತು. ಹೊಲದಲ್ಲಿ ಕಡಲೇಕಾಯಿ ಬಲಿತಿತ್ತು. ಅಲ್ಲಿ ಐದು ಮನೆಯ ಹೆಂಗಸರದು ಮುಯ್ಯಾಳು ಪದ್ಧತಿ: ಇವತ್ತು ಎಲ್ಲರೂ ನಿಮ್ಮ ಹೊಲಕ್ಕೆ, ನಾಳೆ ಎಲ್ಲರೂ ನಮ್ಮ ಹೊಲಕ್ಕೆ, ಕೂಲಿಯ ಮಾತಿಲ್ಲ. ಉಳಿದಿದ್ದು ಎರಡೇ ಹೊಲ. ಮೊದಲು ಪಕ್ಕದ ಗಂಗಮ್ಮನವರದು, ಆಮೇಲೆ ನಮ್ಮದು. ನೆಲ ಆಗಲೇ ಆರತೊಡಗಿತ್ತು. ಗಟ್ಟಿಯಾದರೆ ಗಿಡ ಕೈಗೆ ಬರುತ್ತದೆ, ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ.

ಓದಿದವಳಲ್ಲವೇ, ಸಲಹೆ ಕೊಟ್ಟೆ. ಗಂಗಮ್ಮನವರಿಗೆ ಮಂಡಿನೋವು. ಬೇರೆಯವರು ಎರಡು ಸಾಲು ಮುಗಿಸುವಷ್ಟರಲ್ಲಿ ಅವರದು ಒಂದು. ಅರ್ಧ ಆಳಿಗೆ ಇಡೀ ಆಳಿನ ಮುಯ್ಯಿ ಯಾಕೆ? ಅವರ ಹೊಲ ಅವರೇ ನಿಧಾನವಾಗಿ ಕಿತ್ತುಕೊಳ್ಳಲಿ, ನಾವು ನಮ್ಮದು ಮುಗಿಸೋಣ.

ದೊಡ್ಡಮ್ಮ ಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಲೇ ಹೇಳಿದರು: "ಅವ್ಳೊಬ್ಳೇ ಕಿತ್ರೆ ಎಂಟು ದಿನ. ಅಷ್ಟು ದಿನಾನೂ ಆ ಹೊಲಕ್ಕೆ ಹಂದಿ ಬತ್ತವೆ. ಪಕ್ಕದಲ್ಲೇ ನಮ್ದು ಕಿತ್ತು ಒಣಗಾಕಿರ್ತೀವಿ. ಹಂದಿಗೆ ಬದು ಗೊತ್ತೇನಮ್ಮ?"

ಮುಕ್ಕಾಲು ಗಂಟೆಯ ಪಾಠ ಅಲ್ಲಿಗೆ ಮುಗಿಯಿತು. ರೋಗ, ಹೊಗೆ, ಹಸಿವು ಯಾವುದೂ ಗಡಿ ದಾಟುವಾಗ ಪಾಸ್‌ಪೋರ್ಟ್ ತೋರಿಸುವುದಿಲ್ಲ ಎಂದು ಹುಡುಗಿಯರಿಗೆ ಹೇಳಿಕೊಡುವವಳು ನಾನೇ. ನೆರೆಯವರು ಚೇತರಿಸಿಕೊಂಡರೆ ಅದೇ ನಮಗೆ ಬೇಲಿ ಎಂಬುದು ನನ್ನ ಟಿಪ್ಪಣಿಯಲ್ಲೂ ಇದೆ, ಸ್ವಲ್ಪ ಉದ್ದವಾಗಿ.

ಮಾರನೆಯ ದಿನ ದೊಡ್ಡಮ್ಮನ ಬದಲಿಗೆ ಗಂಗಮ್ಮನವರ ಹೊಲಕ್ಕೆ ನಾನೇ ಹೋದೆ. ಎಳೆದೆ, ಗಿಡ ಬಂತು, ಕಾಯಿ ಬರಲಿಲ್ಲ. ಪಕ್ಕದ ಸಾಲಿನಲ್ಲಿ ಗಂಗಮ್ಮ ಕೂತಲ್ಲೇ ಸರಿಯುತ್ತ, ತಮ್ಮ ಗಿಡ ಕೀಳುವುದರ ಜೊತೆಗೆ ನಾನು ಬಿಟ್ಟ ಕಾಯಿಗಳನ್ನೂ ಕಡ್ಡಿಯಿಂದ ಕೆದಕಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು.

"ಕಾಲೇಜಮ್ಮ, ಜುಟ್ಟು ಹಿಡೀಬ್ಯಾಡ ಕಣಮ್ಮ, ಬುಡ ಹಿಡಿ. ಇಂಗೆ ಕಿತ್ರೆ ಹಂದಿಗೆ ಊಟ ಬಡಿಸ್ದಂಗಾಯ್ತದೆ."

ಅವರು ಕಿತ್ತ ಸಾಲನ್ನು ತಿರುಗಿ ನೋಡಿದೆ. ಒಂದು ಕಾಯಿಯೂ ಉಳಿದಿರಲಿಲ್ಲ. ನಿಧಾನದ ಕಾರಣ ಮಂಡಿಯೊಂದೇ ಅಲ್ಲ. ಅವರು ಒಂದು ಸಾಲು ಮುಗಿಸಿದಾಗ ನನ್ನದು ಅರ್ಧ ಆಗಿತ್ತು, ಅದೂ ನಾನು ಬಿಟ್ಟಿದ್ದನ್ನು ಅವರು ಹೆಕ್ಕುತ್ತಿದ್ದುದರಿಂದ.

ಮರುದಿನ ನಮ್ಮ ಹೊಲಕ್ಕೆ ಎಲ್ಲರಿಗಿಂತ ಮೊದಲು ಬಂದವರು ಗಂಗಮ್ಮ. ನನ್ನ ಅರ್ಧ ಸಾಲಿಗೆ ಇಡೀ ಆಳಿನ ಮುಯ್ಯಿ ತೀರಿಸಲು, ಮಂಡಿಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದರು. ಸಂಜೆಯೊಳಗೆ ಹೊಲ ಬರಿದಾಯಿತು.

ಅರ್ಧ ಆಳಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ದೊಡ್ಡಮ್ಮನೂ ಎತ್ತಲಿಲ್ಲ, ಪುಣ್ಯ.